ಲೆಕ್ಕ ಕೇಳಿದ ಹೆಣ್ಣುಮಗಳು

(ತಾಲ್ಲೂಕು ರೈತರ ಸಭೆಯೊಂದರಲ್ಲಿ ಆಡಿದ ಮಾತುಗಳ ಬರಹ ರೂಪ. ಓದುವವರ ಅನುಕೂಲಕ್ಕೆ ಅಲ್ಲಲ್ಲಿ ತಿದ್ದಿದೆ.)



ದನದ ಜಾತ್ರೆಯಲ್ಲಿ ಎತ್ತಿನ ಜೋಡಿಯ ವ್ಯಾಪಾರ ಹೇಗೆ ಕುದುರುತ್ತೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ದಲ್ಲಾಳಿ ಹೆಗಲ ಮೇಲಿನ ಟವಲು ತೆಗೆದು ಕೈ ಮೇಲೆ ಹೊದಿಸಿಕೊಳ್ತಾನೆ. ಅದರ ಕೆಳಗೆ ಮಾರುವವನ ಬೆರಳು ಹಿಡೀತಾನೆ. ಎಷ್ಟು ಬೆರಳು ಒತ್ತಿದ ಅನ್ನೋದರಲ್ಲಿ ಬೆಲೆ ಇದೆ. ಸುತ್ತ ನಿಂತ ಇಪ್ಪತ್ತು ಜನಕ್ಕೆ ಕಾಣೋದು ಟವಲು ಮಾತ್ರ. ಆಮೇಲೆ ಕೊಳ್ಳುವವನ ಕಡೆ ತಿರುಗಿ ಅದೇ ಟವಲಿನ ಕೆಳಗೆ ಅವನ ಬೆರಳು ಹಿಡೀತಾನೆ. ಎರಡು ಕಡೆಗೂ ಒಂದೇ ಬೆಲೆ ಹೇಳಿದನೋ ಇಲ್ಲವೋ, ಅದು ಅವನೊಬ್ಬನಿಗೇ ಗೊತ್ತು.

ಒಂದು ಜೋಡಿ ಎತ್ತಿನ ಮಟ್ಟಿಗೆ ಇದರಿಂದ ಊರೇನೂ ಮುಳುಗೋದಿಲ್ಲ. ಆದರೆ ಒಂದು ದೇಶದ ದೊಡ್ಡ ಬ್ಯಾಂಕುಗಳೆಲ್ಲ ಹೀಗೆ ಟವಲಿನ ಕೆಳಗೆ ವ್ಯವಹಾರ ಮಾಡ್ತಾ ಕೂತರೆ ಏನಾಗುತ್ತೆ? ಅಮೆರಿಕದಲ್ಲಿ ಹಾಗೆ ಆಯಿತು. ಆಗ ಒಬ್ಬ ಹೆಣ್ಣುಮಗಳು, ಸರ್ಕಾರದ ಅಧಿಕಾರಿ, ಆ ಟವಲನ್ನು ಸ್ವಲ್ಪ ಎತ್ತಿ ನೋಡೋಣವೇ ಅಂತ ಕೇಳಿದರು. ಎತ್ತಿಯೇ ಬಿಡ್ತೀನಿ ಅಂತ ಕೂಡ ಅನ್ನಲಿಲ್ಲ. ಎತ್ತಬೇಕೋ ಬೇಡವೋ ನೀವೇ ಹೇಳಿ ಅಂದರು. ಅಷ್ಟಕ್ಕೇ ಅವರ ಮೇಲೆ ಇಡೀ ಸರ್ಕಾರವೇ ಮುರಕೊಂಡು ಬಿತ್ತು. ಅವರ ಹೆಸರು ಬ್ರೂಕ್ಸ್‌ಲಿ ಬಾರ್ನ್. 1996ರಿಂದ 1999ರವರೆಗೆ ಅಮೆರಿಕದ ಸರಕು ವಾಯಿದೆ ವ್ಯಾಪಾರ ಆಯೋಗದ ಅಧ್ಯಕ್ಷೆಯಾಗಿದ್ದರು.

ಬೆಲೆ, ಸಾಲ ಅಂತ ಮಾತಾಡೋ ನಾವು ಅಮೆರಿಕದ ಅಧಿಕಾರಿಯ ಕಥೆ ಯಾಕಪ್ಪಾ ಕಟ್ಟಿಕೊಳ್ಳಬೇಕು ಅಂತ ನೀವು ಕೇಳಬಹುದು. ಕೇಳಿ, ತಪ್ಪಿಲ್ಲ. ಈ ಆಯೋಗ ಬ್ಯಾಂಕಿನವರಿಗಾಗಿ ಹುಟ್ಟಿದ್ದಲ್ಲ. ಅದರ ಬೇರು ಇರೋದು ಗೋಧಿ, ಜೋಳ, ಈರುಳ್ಳಿಯ ಜಗಳದಲ್ಲಿ. ಇವತ್ತಿಗೂ ಅಲ್ಲಿನ ಸಂಸತ್ತಿನಲ್ಲಿ ಆ ಆಯೋಗದ ಉಸ್ತುವಾರಿ ಇರೋದು ಕೃಷಿ ಸಮಿತಿಗಳ ಕೈಯಲ್ಲಿ. (ಅಲ್ಲಿನ ಸಂಸತ್ತಿಗೆ ಕಾಂಗ್ರೆಸ್ ಅಂತ ಹೆಸರು. ನಮ್ಮ ಪಕ್ಷಕ್ಕೂ ಅದಕ್ಕೂ ಸಂಬಂಧವಿಲ್ಲ. ಗೊಂದಲ ಬೇಡ ಅಂತ ಸಂಸತ್ತು ಅಂತಲೇ ಹೇಳ್ತಾ ಹೋಗ್ತೀನಿ.)

ಷಿಕಾಗೋ ಅನ್ನೋ ಊರಿನಲ್ಲಿ 1848ರಲ್ಲಿ ವ್ಯಾಪಾರಿಗಳೆಲ್ಲ ಸೇರಿ ಧಾನ್ಯದ ಪೇಟೆ ಕಟ್ಟಿದರು. ಸುಗ್ಗಿಯಲ್ಲಿ ಎಲ್ಲರೂ ಒಟ್ಟಿಗೆ ಗೋಧಿ ತಂದು ಸುರಿದರೆ ಬೆಲೆ ಪಾತಾಳಕ್ಕೆ, ಸುಗ್ಗಿ ಮುಗಿದು ಆರು ತಿಂಗಳಾದರೆ ಆಕಾಶಕ್ಕೆ. ಈ ಕಥೆ ಎಲ್ಲ ದೇಶದಲ್ಲೂ ಒಂದೇ. ಅದಕ್ಕೆ, ಮುಂದಿನ ಮೇ ತಿಂಗಳಲ್ಲಿ ಇಷ್ಟು ಗೋಧಿಯನ್ನು ಇಷ್ಟು ಬೆಲೆಗೆ ಕೊಡ್ತೀನಿ ಅಂತ ಈಗಲೇ ಕರಾರು ಮಾಡಿಕೊಳ್ಳೋ ಪದ್ಧತಿ ಬಂತು. ಇದೇ ವಾಯಿದೆ ವ್ಯಾಪಾರ. ಬೆಳೆಗಾರನಿಗೆ ಇದರಿಂದ ಉಪಕಾರ ಉಂಟು, ಇಲ್ಲ ಅನ್ನೋದಿಲ್ಲ. ಆದರೆ ಕ್ರಮೇಣ ಒಂದು ಕಾಳು ಗೋಧಿಯನ್ನೂ ಮುಟ್ಟದವರು ಲಕ್ಷಾಂತರ ಮೂಟೆ ಮಾರೋಕೆ ಶುರು ಮಾಡಿದರು. ಇವರು ಗಾಳಿ ಮಾರ್ತಾರೆ ಅಂತ ರೈತರು ಕೂಗಾಡಿದರು. ದಶಕಗಟ್ಟಲೆ ಕೂಗಾಡಿದ ಮೇಲೆ 1922ರಲ್ಲಿ ಧಾನ್ಯದ ವಾಯಿದೆಗೆ ಕಾನೂನು ಬಂತು, 1936ರಲ್ಲಿ ಅದಕ್ಕಿಂತ ಬಿಗಿಯಾದದ್ದು ಬಂತು. ಕಾವಲಿನ ಕಚೇರಿ ಇದ್ದದ್ದು ಕೃಷಿ ಇಲಾಖೆಯಲ್ಲಿ.

ಈರುಳ್ಳಿ ಕಥೆಯನ್ನು ಮಾತ್ರ ನಿಂತು ಹೇಳಬೇಕು, ಇಲ್ಲಿ ಈರುಳ್ಳಿ ಬೆಳೆಯೋರು ಬಹಳ ಮಂದಿ ಕೂತಿದ್ದೀರಿ. 1955ರಲ್ಲಿ ವಿನ್ಸೆಂಟ್ ಕೊಸುಗ, ಸ್ಯಾಮ್ ಸೀಗಲ್ ಅನ್ನೋ ಇಬ್ಬರು ಸೇರಿ ಷಿಕಾಗೋದಲ್ಲಿದ್ದ ಈರುಳ್ಳಿಯನ್ನೆಲ್ಲ ಹೆಚ್ಚೂಕಡಿಮೆ ಕೊಂಡು ಗುಡ್ಡೆ ಹಾಕಿದರು. ಈ ಕೊಸುಗ ಸ್ವತಃ ಈರುಳ್ಳಿ ಬೆಳೆಗಾರ, ಅದನ್ನೂ ಮರೆಮಾಚಬಾರದು. ಆಮೇಲೆ ವಾಯಿದೆಯಲ್ಲಿ ಬೆಲೆ ಬೀಳುತ್ತೆ ಅನ್ನೋ ಕಡೆಗೆ ಬಾಜಿ ಕಟ್ಟಿ, ಗುಡ್ಡೆಯನ್ನು ಪೇಟೆಗೆ ಸುರಿದರು. 1955ರ ಆಗಸ್ಟಿನಲ್ಲಿ 50 ಪೌಂಡಿನ ಚೀಲಕ್ಕೆ, ಅಂದರೆ ನಮ್ಮ ಲೆಕ್ಕದಲ್ಲಿ 22-23 ಕಿಲೋಗೆ, 2 ಡಾಲರ್ 75 ಸೆಂಟ್ ಇದ್ದ ಬೆಲೆ 1956ರ ಮಾರ್ಚಿಗೆ 10 ಸೆಂಟಿಗೆ ಇಳಿಯಿತು. ಒಳಗಿನ ಈರುಳ್ಳಿಗಿಂತ ಖಾಲಿ ಚೀಲಕ್ಕೇ ಬೆಲೆ ಜಾಸ್ತಿ ಆಯಿತು. ಬೆಳೆಗಾರರು ರೊಚ್ಚಿಗೆದ್ದರು. ಮಿಷಿಗನ್ನಿನ ಸಂಸದ ಜೆರಾಲ್ಡ್ ಫೋರ್ಡ್, ಮುಂದೆ ಅಮೆರಿಕದ ಅಧ್ಯಕ್ಷರಾದವರು, ಬೆಳೆಗಾರರ ಪರ ನಿಂತರು. 1958ರಲ್ಲಿ ಈರುಳ್ಳಿಯ ವಾಯಿದೆ ವ್ಯಾಪಾರವನ್ನೇ ನಿಷೇಧಿಸೋ ಕಾನೂನು ಬಂತು. ಅದು ಇವತ್ತಿಗೂ ಊರ್ಜಿತದಲ್ಲಿದೆ. ಪೇಟೆಯೇ ದೇವರು ಅಂತ ಜಗತ್ತಿಗೆಲ್ಲ ಬೋಧನೆ ಮಾಡೋ ದೇಶದಲ್ಲಿ, ಈರುಳ್ಳಿಗೆ ಮಾತ್ರ ವಾಯಿದೆ ಇಲ್ಲ!

1974ರ ಕಾನೂನಿನಂತೆ ಆ ಕಾವಲನ್ನು ಕೃಷಿ ಇಲಾಖೆಯಿಂದ ತೆಗೆದು ಸ್ವತಂತ್ರ ಆಯೋಗವೊಂದಕ್ಕೆ ಕೊಟ್ಟರು. ಅದೇ ಬಾರ್ನ್ ಕೂತ ಕಚೇರಿ.

ಈಗ ಆ ಅಮ್ಮನ ವಿಷಯಕ್ಕೆ ಬರ್ತೀನಿ. ಹುಟ್ಟಿದ್ದು 1940ರಲ್ಲಿ, ಸ್ಯಾನ್ ಫ್ರಾನ್ಸಿಸ್ಕೋದಲ್ಲಿ. ಓದಿದ್ದು ಸ್ಟ್ಯಾನ್‌ಫರ್ಡ್‌ನಲ್ಲಿ. ಹೆಣ್ಣುಮಕ್ಕಳು ವಕೀಲಿ ಓದೋದೇ ಅಪರೂಪವಾಗಿದ್ದ ಕಾಲ. ಅಲ್ಲಿನ ಕಾನೂನು ಪತ್ರಿಕೆಗೆ ಅಧ್ಯಕ್ಷೆಯಾದ ಮೊದಲ ಹೆಂಗಸು ಇವರೇ. 1964ರಲ್ಲಿ ತರಗತಿಗೇ ಮೊದಲಿಗರಾಗಿ ಪಾಸಾದರು. ಆಮೇಲೆ ವಾಷಿಂಗ್‌ಟನ್ನಿನ ದೊಡ್ಡ ವಕೀಲರ ಸಂಸ್ಥೆಯೊಂದಕ್ಕೆ ಸೇರಿದರು. ಮಕ್ಕಳು ಚಿಕ್ಕವರಿದ್ದಾಗ ಅರೆಹೊತ್ತು ಕೆಲಸ ಮಾಡಿಕೊಂಡೇ ಮೇಲೆ ಬಂದವರು. 1980ರಲ್ಲಿ ಹಂಟ್ ಅನ್ನೋ ಶ್ರೀಮಂತ ಸಹೋದರರು ಜಗತ್ತಿನ ಬೆಳ್ಳಿಯನ್ನೆಲ್ಲ ಬಾಚಿಕೊಳ್ಳೋಕೆ ಹೋದರು. 50 ಡಾಲರ್ ಹತ್ತಿರ ಹೋಗಿದ್ದ ಬೆಳ್ಳಿ ದಬಾಲನೆ ಬಿತ್ತು. ಆ ಗಲಾಟೆಯಿಂದ ಹುಟ್ಟಿದ ವ್ಯಾಜ್ಯಗಳಲ್ಲಿ ಸ್ವಿಟ್ಜರ್ಲೆಂಡಿನ ಒಂದು ಬ್ಯಾಂಕಿನ ಪರ ವಕೀಲಿ ಮಾಡಿದವರು ಇವರು. ಅಂದರೆ ವಾಯಿದೆ ಪೇಟೆ ಹೇಗೆ ಹುಚ್ಚೇಳುತ್ತೆ, ಹುಚ್ಚು ಇಳಿದಾಗ ಯಾರು ಯಾರ ಮೇಲೆ ಬೀಳ್ತಾರೆ ಅನ್ನೋದನ್ನ ಕಾಗದ ಪತ್ರದ ಸಮೇತ ನೋಡಿದ್ದರು. 1994ರಲ್ಲಿ ಆಯೋಗದ ಸದಸ್ಯೆ, 1996ರ ಆಗಸ್ಟಿನಲ್ಲಿ ಅಧ್ಯಕ್ಷೆ.

ಅವರು ಕೂತ ಕುರ್ಚಿಗೆ ಒಂದು ಹಿಂದಿನ ಕಥೆಯೂ ಇದೆ. ಕೆಲವೇ ವರ್ಷದ ಹಿಂದೆ ಅಲ್ಲಿ ಕೂತಿದ್ದವರು ವೆಂಡಿ ಗ್ರಾಮ್. 1993ರ ಜನವರಿಯಲ್ಲಿ, ಅಧಿಕಾರ ಬಿಟ್ಟು ಹೋಗೋ ಹೊತ್ತಿನಲ್ಲಿ, ಬ್ಯಾಂಕುಗಳ ಕೆಲವು ಖಾಸಗಿ ಕರಾರುಗಳಿಗೂ ಇಂಧನದ ಕರಾರುಗಳಿಗೂ ಆಯೋಗದ ಕಾನೂನಿನಿಂದ ವಿನಾಯಿತಿ ಕೊಟ್ಟರು. ವಿನಾಯಿತಿ ಬೇಡಿದ ಕಂಪನಿಗಳಲ್ಲಿ ಎನ್ರಾನ್ ಒಂದು. ಕುರ್ಚಿ ಬಿಟ್ಟು ಕೆಲವೇ ವಾರದಲ್ಲಿ ಅದೇ ಎನ್ರಾನ್ ಕಂಪನಿಯ ನಿರ್ದೇಶಕ ಮಂಡಳಿಗೆ ಸೇರಿದರು. ಇದಕ್ಕೆ ನಾನು ಯಾವ ವ್ಯಾಖ್ಯಾನವನ್ನೂ ಕೊಡೋದಿಲ್ಲ.

ಆ ಖಾಸಗಿ ಕರಾರು ಅಂದರೆ ಏನು? ಅಲ್ಲಿ ಅದಕ್ಕೆ ಡೆರಿವೇಟಿವ್ ಅಂತಾರೆ. ನಾನು ಎಸ್.ಎಸ್.ಎಲ್.ಸಿ. ತನಕ ಓದಿದವನು. ಬಿ.ಕಾಂ. ಮಾಡಿದ ಮಗಳನ್ನು ಕೂರಿಸಿಕೊಂಡು ನಾಲ್ಕು ಸಂಜೆ ಅರ್ಥ ಕೇಳಿಕೊಂಡೆ. ಕೊನೆಗೆ ನನಗೆ ಹೊಳೆದ ರೀತಿ ಹೀಗೆ. ಗೋಧಿ ಮಾರಿದರೆ ಅದು ವ್ಯಾಪಾರ. ಗೋಧಿ ಬೆಲೆ ಏರುತ್ತೋ ಇಳಿಯುತ್ತೋ ಅಂತ ಇಬ್ಬರು ಕರಾರು ಬರೆದುಕೊಂಡರೆ ಅದು ಗೋಧಿಯಿಂದ ಹುಟ್ಟಿದ ಕರಾರು. ಗೋಧಿಯ ಜಾಗದಲ್ಲಿ ಬಡ್ಡಿ ದರ ಇಡಿ, ಡಾಲರಿನ ಬೆಲೆ ಇಡಿ, ಇನ್ನೊಬ್ಬನ ಸಾಲ ಮುಳುಗುತ್ತೋ ಇಲ್ಲವೋ ಅನ್ನೋದನ್ನೇ ಇಡಿ, ಎಲ್ಲವೂ ನಡೆಯುತ್ತೆ. ಪೇಟೆಯೊಳಗೆ ಮಾಡಿದರೆ ಕೂಗಿ ಹೇಳಬೇಕು, ಮುಂಗಡ ಕಟ್ಟಬೇಕು, ಪುಸ್ತಕದಲ್ಲಿ ಬರೆಯಬೇಕು. ಪೇಟೆಯ ಹೊರಗೆ ಮಾಡಿದರೆ ಇವ್ಯಾವುದೂ ಇಲ್ಲ. ಇಬ್ಬರ ಫೋನು, ಇಬ್ಬರ ಕಾಗದ, ಮೂರನೆಯವನಿಗೆ ಗೊತ್ತಿಲ್ಲ. ಟವಲು!

ಈ ಹೊರಗಿನ ಕರಾರುಗಳ ಒಟ್ಟು ಮೊತ್ತ 1998ರ ಮಧ್ಯದಲ್ಲಿ 70 ಲಕ್ಷ ಕೋಟಿ ಡಾಲರ್ ದಾಟಿತ್ತು. ಅದು ಕಾಗದದ ಮೇಲಿನ ಮೊತ್ತ, ಅಷ್ಟು ಹಣ ನಿಜಕ್ಕೂ ಕೈ ಬದಲಾಗೋದಿಲ್ಲ, ಸರಿ. ಅದರಲ್ಲಿ ನೂರಕ್ಕೆ ಒಂದು ಭಾಗ ಹೆಚ್ಚುಕಡಿಮೆ ಆದರೂ ಎಷ್ಟಾಗುತ್ತೆ ಅಂತ ಮನೆಗೆ ಹೋಗಿ ಲೆಕ್ಕ ಹಾಕಿ.

ಇಲ್ಲಿ ನನ್ನದೊಂದು ಮಾತು ಹೇಳಿಬಿಡ್ತೀನಿ, ಬೇಸರ ಮಾಡ್ಕೋಬೇಡಿ. ನನ್ನ ಮದುವೆಯಾದ ಮಾರನೇ ವರ್ಷ ಶೇಂಗಾ ಚೆನ್ನಾಗಿ ಬಂದಿತ್ತು. ಮಂಡಿಯಲ್ಲಿ ಒಬ್ಬ ವರ್ತಕರಿಗೆ ಹಾಕಿದೆ. ಅವರ ಹೆಸರು ಬೇಡ. ರಸೀದಿ ಕೇಳಿದರೆ ಬಿಳಿ ಚೀಟಿ ಕೊಟ್ಟರು. ಪೆನ್ಸಿಲಿನಲ್ಲಿ ಇಷ್ಟು ಮೂಟೆ, ಇಷ್ಟು ರೂಪಾಯಿ ಅಂತ ಬರೆದಿತ್ತು. ಮೊಹರಿಲ್ಲ, ಅಂಗಡಿ ಹೆಸರಿಲ್ಲ, ಸಹಿಯೂ ಇಲ್ಲ. ಸೆಸ್ಸು ಉಳಿಯುತ್ತೆ ಗೌಡ್ರೆ, ನಿಮಗೇ ನಾಲ್ಕು ಕಾಸು ಜಾಸ್ತಿ ಅಂದರು. ನಾನೂ ಆಸೆಪಟ್ಟೆ, ಸುಳ್ಳು ಯಾಕೆ ಹೇಳಲಿ. ಎರಡು ತಿಂಗಳಿಗೆ ಅಂಗಡಿಗೆ ಬೀಗ ಬಿತ್ತು. ಬಾಗಿಲ ಮುಂದೆ ಹೋಗಿ ನೋಡಿದರೆ ನನ್ನಂಥವರು ಮೂವತ್ತು ನಲವತ್ತು ಮಂದಿ, ಎಲ್ಲರ ಕೈಯಲ್ಲೂ ಬಿಳಿ ಚೀಟಿ. ಅವರಿಗೆ ಒಟ್ಟು ಎಷ್ಟು ಸಾಲ, ಯಾರಿಗೆ ಎಷ್ಟು ಕೊಡಬೇಕು, ಅವರಿಗೆ ಬೇರೆ ಯಾರಿಂದ ಬರಬೇಕು, ಒಬ್ಬನಿಗೂ ಗೊತ್ತಿಲ್ಲ. ಕಚೇರಿಗೆ ಹೋದರೆ, ರಸೀದಿ ಇದ್ದರೆ ತನ್ನಿ ಅಂದರು. ಆ ವರ್ಷ ಹೆಂಡತಿಯ ಕಿವಿಯೋಲೆ ಗಿರವಿ ಹೋಯಿತು. ಬಿತ್ತನೆ ಬೀಜಕ್ಕೆ ಮಾವನ ಮನೆ ಬಾಗಿಲು ತಟ್ಟಿದೆ.

ನೋಡಿ, ನಮಗೆ ಗೊತ್ತಾದದ್ದು ಅಂಗಡಿಗೆ ಬೀಗ ಬಿದ್ದ ಮೇಲೆ. ಬೀಗ ಬೀಳುವ ಮುಂಚೆ ಯಾರಾದರೂ ಒಬ್ಬ ಅಧಿಕಾರಿ, ರೀ ಸಾವ್ಕಾರ್ರೇ, ಈ ಬಿಳಿ ಚೀಟಿ ಎಷ್ಟು ಹಂಚಿದ್ದೀರಿ, ಪುಸ್ತಕ ತೋರಿಸಿ ಅಂತ ಕೇಳಿದ್ದರೆ? ಬ್ರೂಕ್ಸ್‌ಲಿ ಬಾರ್ನ್ ಕೇಳಿದ್ದು ಇದನ್ನೇ. ಅವರ ಕಥೆ ನನಗೆ ಇಷ್ಟು ಹಿಡಿಸಿದ್ದಕ್ಕೆ ಬೇರೆ ಕಾರಣ ಇಲ್ಲ.

ಅವರಿಗೆ ಅನುಮಾನ ಬರೋದಕ್ಕೆ ಆಧಾರ ಇತ್ತು. 1994ರ ಡಿಸೆಂಬರಿನಲ್ಲಿ ಕ್ಯಾಲಿಫೋರ್ನಿಯಾದ ಆರೆಂಜ್ ಕೌಂಟಿ ಅನ್ನೋ ಜಿಲ್ಲೆಯ ಆಡಳಿತವೇ ದಿವಾಳಿ ಆಯಿತು. ಅಲ್ಲಿನ ಖಜಾಂಚಿ ಸಾರ್ವಜನಿಕರ ಹಣದ ಮೇಲೆ ಮತ್ತೆ ಸಾಲ ತಂದು ಬಡ್ಡಿ ದರದ ಮೇಲೆ ಬಾಜಿ ಕಟ್ಟಿದ್ದರು. ಬಡ್ಡಿ ಏರಿತು, 160 ಕೋಟಿ ಡಾಲರ್ ಹೋಯಿತು. ನಮ್ಮ ಜಿಲ್ಲಾ ಪಂಚಾಯಿತಿ ಹಣವನ್ನು ಇಸ್ಪೀಟಿಗೆ ಹಾಕಿದ ಹಾಗೆ.

ಆಗ ಅಮೆರಿಕದಲ್ಲಿ ಹಣಕಾಸಿನ ವಿಷಯಕ್ಕೆ ಮೂವರ ಮಾತೇ ವೇದವಾಕ್ಯ. ಒಬ್ಬರು ಅಲನ್ ಗ್ರೀನ್‌ಸ್ಪ್ಯಾನ್, ನಮ್ಮ ರಿಸರ್ವ್ ಬ್ಯಾಂಕಿನಂಥ ಬ್ಯಾಂಕಿನ ಅಧ್ಯಕ್ಷರು. ಇನ್ನೊಬ್ಬರು ಖಜಾನೆ ಮಂತ್ರಿ ರಾಬರ್ಟ್ ರೂಬಿನ್, ದೊಡ್ಡ ಬ್ಯಾಂಕಿನ ಮುಖ್ಯಸ್ಥರಾಗಿದ್ದು ಸರ್ಕಾರಕ್ಕೆ ಬಂದವರು. ಮೂರನೆಯವರು ರೂಬಿನ್ನರ ಕೈಕೆಳಗಿನ ಲ್ಯಾರಿ ಸಮ್ಮರ್ಸ್. ಅಧ್ಯಕ್ಷೆಯಾದ ಹೊಸದರಲ್ಲಿ ಗ್ರೀನ್‌ಸ್ಪ್ಯಾನ್ ಬಾರ್ನ್ ಅವರನ್ನು ಊಟಕ್ಕೆ ಕರೆದಿದ್ದರಂತೆ. ಪೇಟೆಯಲ್ಲಿ ಮೋಸ ಮಾಡಿದವನಿಗೆ ಕಾನೂನು ಬೇಕಾಗಿಲ್ಲ, ಗಿರಾಕಿಗಳೇ ಅವನನ್ನು ಬಿಟ್ಟು ಹೋಗ್ತಾರೆ, ಪೇಟೆಯೇ ಅವನಿಗೆ ಬುದ್ಧಿ ಕಲಿಸುತ್ತೆ ಅನ್ನೋ ಧಾಟಿಯಲ್ಲಿ ಮಾತಾಡಿದರು ಅಂತ ಬಾರ್ನ್ ಮುಂದೆ ಹೇಳಿಕೊಂಡಿದ್ದಾರೆ. ಹೌದಪ್ಪಾ, ಬುದ್ಧಿ ಕಲಿಸುತ್ತೆ. ಆದರೆ ಅವನು ಬುದ್ಧಿ ಕಲಿಯೋ ಹೊತ್ತಿಗೆ ಓಲೆ ಗಿರವಿ ಹೋಗಿರುತ್ತಲ್ಲ.

1998ರ ಏಪ್ರಿಲಿನಲ್ಲಿ ಈ ದೊಡ್ಡವರೆಲ್ಲ ಕೂತು, ಈ ಪ್ರಶ್ನೆ ಕೇಳಬೇಡಿ ಅಂತ ಬಾರ್ನ್ ಅವರಿಗೆ ಹೇಳಿದರು. ಅವರ ಕೈಕೆಳಗಿದ್ದ ಮೈಕೆಲ್ ಗ್ರೀನ್‌ಬರ್ಗರ್ ಅನ್ನೋ ಅಧಿಕಾರಿ ಇನ್ನೊಂದು ಪ್ರಸಂಗ ಹೇಳ್ತಾರೆ. ಒಂದು ದಿನ ಸಮ್ಮರ್ಸ್ ಫೋನು ಮಾಡಿ, ನನ್ನ ಕೋಣೆಯಲ್ಲಿ 13 ಮಂದಿ ಬ್ಯಾಂಕಿನವರು ಕೂತಿದ್ದಾರೆ, ನೀವು ಮುಂದುವರಿದರೆ ಎರಡನೇ ಮಹಾಯುದ್ಧದ ನಂತರದ ಅತಿ ದೊಡ್ಡ ಆರ್ಥಿಕ ಆಪತ್ತು ಬರುತ್ತೆ ಅಂತಿದ್ದಾರೆ ಅಂದರಂತೆ. ಫೋನು ಇಟ್ಟಾಗ ಬಾರ್ನ್ ಅವರ ಮುಖ ಬಿಳಿಚಿಕೊಂಡಿತ್ತಂತೆ. ಆದರೂ ಅವರು ನಿಲ್ಲಿಸಲಿಲ್ಲ. 1998ರ ಮೇ 7ರಂದು ಆ ಕಾಗದ ಪ್ರಕಟ ಮಾಡಿದರು. ಅದರಲ್ಲಿ ಇದ್ದದ್ದು ಕಾನೂನಲ್ಲ, ಬರೀ ಪ್ರಶ್ನೆಗಳು. ಈ ಕರಾರುಗಳ ಲೆಕ್ಕ ಎಲ್ಲಿಡಬೇಕು, ಕಾವಲಿನವರಿಗೆ ವರದಿ ಕೊಡಬೇಕೇ, ಬಾಜಿ ಕಟ್ಟುವವನ ಹತ್ತಿರ ಕೊಡೋಕೆ ಹಣ ಇದೆಯೇ ಅಂತ ನೋಡೋದು ಯಾರು, ಮೋಸವನ್ನು ತಡೆಯೋದು ಹೇಗೆ, ಎಲ್ಲರೂ ಅಭಿಪ್ರಾಯ ತಿಳಿಸಿ ಅಂತ. ಅದೇ ದಿನ ರೂಬಿನ್, ಗ್ರೀನ್‌ಸ್ಪ್ಯಾನ್, ಷೇರುಪೇಟೆ ಆಯೋಗದ ಆರ್ಥರ್ ಲೆವಿಟ್ ಮೂವರೂ ಸೇರಿ, ನಮಗೆ ಇದರಿಂದ ತೀವ್ರ ಕಳವಳವಾಗಿದೆ ಅಂತ ಹೇಳಿಕೆ ಕೊಟ್ಟರು. ಸರ್ಕಾರದ ಒಬ್ಬ ಅಧಿಕಾರಿಯ ಮೇಲೆ ಸರ್ಕಾರದ ಮೂವರು ಬಹಿರಂಗವಾಗಿ! ಆಯೋಗದ ಬಾಯಿ ಕಟ್ಟೋಕೆ ಸಂಸತ್ತಿಗೇ ಮೊರೆ ಹೋದರು.

ಅವರ ವಾದವನ್ನೂ ಹೇಳಬೇಕು, ಇಲ್ಲದಿದ್ದರೆ ನ್ಯಾಯವಾಗಲ್ಲ. ಅಲ್ಲಿನ ಕಾನೂನಿನ ಪ್ರಕಾರ ವಾಯಿದೆ ಕರಾರು ಪೇಟೆಯ ಒಳಗೇ ಆಗಬೇಕು, ಹೊರಗೆ ಮಾಡಿದರೆ ಊರ್ಜಿತವಲ್ಲ. ಈ ಖಾಸಗಿ ಕರಾರುಗಳೂ ವಾಯಿದೆಯೇ ಅಂತ ಆಯೋಗ ಅಂದುಬಿಟ್ಟರೆ, ಸೋತವನು ಕರಾರೇ ಕಾನೂನುಬಾಹಿರ ಅಂತ ಹೇಳಿ ಕೈ ಎತ್ತಬಹುದು, ವ್ಯಾಪಾರವೆಲ್ಲ ಲಂಡನ್ನಿಗೆ ಓಡಿಹೋಗಬಹುದು ಅಂತ ಅವರ ಭಯ. ಹುರುಳಿಲ್ಲದ ಮಾತಲ್ಲ ಇದು. ಆದರೆ ಅದಕ್ಕೆ ದಾರಿ ಹುಡುಕೋಣ ಬನ್ನಿ ಅನ್ನಬಹುದಿತ್ತು. ಪ್ರಶ್ನೆಯನ್ನೇ ಕೇಳಬೇಡ ಅಂದರು.

ಕೇಳಿ, ಆಮೇಲೆ ಏನಾಯಿತು. ನಾಲ್ಕೇ ತಿಂಗಳಿಗೆ, 1998ರ ಸೆಪ್ಟೆಂಬರಿನಲ್ಲಿ, ಲಾಂಗ್ ಟರ್ಮ್ ಕ್ಯಾಪಿಟಲ್ ಮ್ಯಾನೇಜ್‌ಮೆಂಟ್ ಅನ್ನೋ ಸಂಸ್ಥೆ ಕುಸಿಯಿತು. ಅದರ ಪಾಲುದಾರರಲ್ಲಿ ಇಬ್ಬರು ಹಿಂದಿನ ವರ್ಷವಷ್ಟೇ ಅರ್ಥಶಾಸ್ತ್ರಕ್ಕೆ ನೊಬೆಲ್ ತೆಗೆದುಕೊಂಡವರು. ವರ್ಷದ ಆರಂಭದಲ್ಲಿ ಸ್ವಂತ ಬಂಡವಾಳ 500 ಕೋಟಿ ಡಾಲರಿಗೂ ಕಡಿಮೆ. ತಂದ ಸಾಲ 12,000 ಕೋಟಿಗೂ ಹೆಚ್ಚು. ಅದರ ಮೇಲೆ ಖಾಸಗಿ ಕರಾರು 1 ಲಕ್ಷ ಕೋಟಿಗೂ ಹೆಚ್ಚು. ಎಕರೆ ಜಮೀನಿದ್ದವನು ಇಪ್ಪತ್ತೈದು ಎಕರೆಗೆ ಸಾಲ ತಂದು, ಇನ್ನೂರೈವತ್ತು ಎಕರೆ ಬೆಳೆಯ ಮೇಲೆ ಬಾಜಿ ಕಟ್ಟಿದ ಹಾಗೆ. ಅವರಿಗೆ ಸಾಲ ಕೊಟ್ಟ ಒಂದು ಬ್ಯಾಂಕಿಗೆ ಇನ್ನೊಂದು ಬ್ಯಾಂಕು ಎಷ್ಟು ಕೊಟ್ಟಿದೆ ಅನ್ನೋದು ಗೊತ್ತಿಲ್ಲ. ಎಲ್ಲರ ಕೈಯಲ್ಲೂ ಬಿಳಿ ಚೀಟಿ! ಕೊನೆಗೆ ನ್ಯೂಯಾರ್ಕಿನಲ್ಲಿ 14 ಬ್ಯಾಂಕುಗಳನ್ನು ಕೂರಿಸಿ 360 ಕೋಟಿ ಡಾಲರ್ ಹಾಕಿಸಿ, ಬೆಂಕಿ ಹರಡದ ಹಾಗೆ ನೋಡಿಕೊಂಡರು.

ಇನ್ನಾದರೂ ಆ ಅಮ್ಮ ಹೇಳಿದ್ದು ಸರಿ ಅಂತ ಒಪ್ಪಿಕೊಂಡರೇ? ಇಲ್ಲ ಸ್ವಾಮಿ. ಅದಾದ ಮರು ತಿಂಗಳೇ, 1998ರ ಅಕ್ಟೋಬರಿನಲ್ಲಿ, ಆರು ತಿಂಗಳು ಈ ವಿಷಯದಲ್ಲಿ ಆಯೋಗ ಯಾವ ಹೊಸ ನಿಯಮವನ್ನೂ ಮಾಡಕೂಡದು ಅಂತ ಸಂಸತ್ತು ತಡೆ ಹಾಕಿತು. 1999ರ ಫೆಬ್ರವರಿಯಲ್ಲಿ ಟೈಮ್ ಪತ್ರಿಕೆಯ ಮುಖಪುಟದಲ್ಲಿ ಗ್ರೀನ್‌ಸ್ಪ್ಯಾನ್, ರೂಬಿನ್, ಸಮ್ಮರ್ಸ್ ಮೂವರ ಚಿತ್ರ ಬಂತು, ಜಗತ್ತನ್ನು ಉಳಿಸುವ ಸಮಿತಿ ಅನ್ನೋ ತಲೆಬರಹದಲ್ಲಿ. 1999ರ ಜೂನಿನಲ್ಲಿ ಬಾರ್ನ್ ಹುದ್ದೆ ಬಿಟ್ಟು ಮನೆಗೆ ಹೋದರು. ಯಾರೂ ವಜಾ ಮಾಡಲಿಲ್ಲ. ಕೈ ಕಟ್ಟಿ ಕೂರಿಸಿದ ಮೇಲೆ ವಜಾ ಮಾಡೋ ಅಗತ್ಯವಾದರೂ ಏನು?

2000ದ ಡಿಸೆಂಬರಿನಲ್ಲಿ ಕಥೆ ಪೂರ್ತಿ ಮುಗಿಸಿದರು. ಸಾವಿರಾರು ಪುಟಗಳ ಬಜೆಟ್ ಮಸೂದೆಯೊಂದಕ್ಕೆ ಬಾಲಂಗೋಚಿಯಂತೆ ಇನ್ನೊಂದು ಕಾನೂನನ್ನು ಕಟ್ಟಿದರು. ಈ ಖಾಸಗಿ ಕರಾರುಗಳ ತಂಟೆಗೆ ಆಯೋಗ ಹೋಗಕೂಡದು ಅನ್ನೋದೇ ಅದರ ತಿರುಳು. ಅದಕ್ಕೆ ಓಡಾಡಿದವರಲ್ಲಿ ಮುಖ್ಯರು ಸೆನೆಟರ್ ಫಿಲ್ ಗ್ರಾಮ್. ಹೌದು, ವೆಂಡಿ ಗ್ರಾಮ್ ಅವರ ಗಂಡ. ಎನ್ರಾನ್ ಮರುವರ್ಷವೇ, 2001ರ ಡಿಸೆಂಬರಿನಲ್ಲಿ, ದಿವಾಳಿ ಎದ್ದಿತು.

2008 ನಿಮಗೆ ನೆನಪಿದೆ. ಮನೆ ಸಾಲದ ಕಥೆಯನ್ನು ಎಲ್ಲರೂ ಕೇಳಿದ್ದೀರಿ, ಅದನ್ನು ಬೆಳೆಸೋದಿಲ್ಲ. ತೀರಿಸೋ ಶಕ್ತಿ ಇಲ್ಲದವರಿಗೆ ಸಾಲ ಕೊಟ್ಟು, ಆ ಸಾಲಗಳನ್ನು ಕಂತೆ ಕಟ್ಟಿ ಮಾರಿದ್ದರು. ಟವಲಿನ ಪಾತ್ರ ಎಲ್ಲಿ ಬಂತು ಅಂದರೆ, ಈ ಕಂತೆಗಳಿಗೆ ವಿಮೆಯಂಥ ಕರಾರು ಬರೆದುಕೊಟ್ಟವರಿದ್ದರು. ನಿಮ್ಮ ರಾಗಿ ಬಣವೆಗೆ ನೀವು ವಿಮೆ ಮಾಡಿಸಿದರೆ ಅದು ನ್ಯಾಯ. ನಿಮ್ಮ ಬಣವೆಯ ಮೇಲೆ ಊರಿನ ಹತ್ತು ಜನ ವಿಮೆ ಮಾಡಿಸಿದರೆ? ಬಣವೆ ಸುಟ್ಟರೆ ಲಾಭ ಅನ್ನೋರು ಹತ್ತು ಜನ ಆದರು. ಇನ್ನು ವಿಮೆ ಕೊಟ್ಟವನು ಪೆಟ್ಟಿಗೆಯಲ್ಲಿ ಕಾಸೇ ಇಟ್ಟಿಲ್ಲ ಅಂದರೆ? ಎ.ಐ.ಜಿ. ಅನ್ನೋ ಮಹಾ ವಿಮಾ ಕಂಪನಿಯ ಒಂದು ಸಣ್ಣ ವಿಭಾಗ ಲಂಡನ್ನಿನಲ್ಲಿ ಕೂತು ಇಂಥದ್ದನ್ನೇ ಲಕ್ಷಾಂತರ ಕೋಟಿ ರೂಪಾಯಿ ಮೊತ್ತಕ್ಕೆ ಬರೆದಿತ್ತು. ವಿಮೆ ಅಂತ ಕರೆದಿದ್ದರೆ ವಿಮೆಯ ಕಾನೂನು ಬರ್ತಿತ್ತು, ಹಣ ತೆಗೆದಿಡಬೇಕಾಗಿತ್ತು. ವಾಯಿದೆ ಅಂದಿದ್ದರೆ ಆಯೋಗ ಬರ್ತಿತ್ತು. ಎರಡೂ ಅಲ್ಲ ಅಂತ 2000ದ ಕಾನೂನು ದಾರಿ ಮಾಡಿಕೊಟ್ಟಿತ್ತು. 2008ರ ಸೆಪ್ಟೆಂಬರ್ 15ಕ್ಕೆ ಲೇಮನ್ ಬ್ರದರ್ಸ್ ಬ್ಯಾಂಕು ದಿವಾಳಿ, ಮಾರನೇ ದಿನ ಎ.ಐ.ಜಿ.ಗೆ 8,500 ಕೋಟಿ ಡಾಲರ್ ಸರ್ಕಾರಿ ಸಾಲ. ಅದು ಬೆಳೆದು ಬೆಳೆದು 18,000 ಕೋಟಿ ಡಾಲರ್ ಮಿತಿ ದಾಟಿತು. ಆ ಹಣ ಮುಂದೆ ಬಡ್ಡಿ ಸಮೇತ ವಾಪಸು ಬಂತು, ನಿಜ. ಕೆಲಸ ಕಳಕೊಂಡವರಿಗೆ ಕೆಲಸ ಹಾಗೆ ವಾಪಸು ಬರಲಿಲ್ಲ. 2009ರ ಅಕ್ಟೋಬರಿನಲ್ಲಿ ಅಮೆರಿಕದಲ್ಲಿ ದುಡಿಯೋಕೆ ತಯಾರಿದ್ದ ನೂರು ಜನರಲ್ಲಿ ಹತ್ತು ಮಂದಿಗೆ ಕೆಲಸವಿರಲಿಲ್ಲ.

ಬಾರ್ನ್ ಗೆದ್ದಿದ್ದರೆ 2008 ನಡೀತಾನೇ ಇರಲಿಲ್ಲ ಅಂತ ನಾನು ಹೇಳೋದಿಲ್ಲ. ಬೆಂಕಿ ಹೊತ್ತಿಸಿದ್ದು ಮನೆ ಸಾಲ. ಆದರೆ ಯಾರ ಹಿತ್ತಿಲಲ್ಲಿ ಎಷ್ಟು ಸೀಮೆಎಣ್ಣೆ ಇಟ್ಟಿದ್ದಾರೆ ಅನ್ನೋದಾದರೂ ಮೊದಲೇ ಗೊತ್ತಿರ್ತಿತ್ತು.

2008ರ ಅಕ್ಟೋಬರ್ 23ರಂದು ಗ್ರೀನ್‌ಸ್ಪ್ಯಾನ್ ಸಂಸತ್ತಿನ ಸಮಿತಿ ಮುಂದೆ ನಿಂತು, ತಾನು ನಂಬಿದ್ದ ವಿಚಾರದಲ್ಲಿ ದೋಷವಿತ್ತು ಅಂತ ಒಪ್ಪಿಕೊಂಡರು. ಆಗ ಅಧ್ಯಕ್ಷರಾಗಿದ್ದ ಕ್ಲಿಂಟನ್ ಕೂಡ 2010ರಲ್ಲಿ, ಈ ವಿಷಯದಲ್ಲಿ ನನಗೆ ಕೊಟ್ಟ ಸಲಹೆ ತಪ್ಪು, ಅದನ್ನು ಕೇಳಿದ ನಾನೂ ತಪ್ಪು ಅಂದರು. ಲೆವಿಟ್ ಕೂಡ ಪಶ್ಚಾತ್ತಾಪದ ಮಾತಾಡಿದರು. 2010ರ ಜುಲೈನಲ್ಲಿ ಬಂದ ಹೊಸ ಕಾನೂನಿನಲ್ಲಿ, ಇಂಥ ಕರಾರುಗಳಲ್ಲಿ ಬಹುಪಾಲನ್ನು ದಾಖಲೆ ಮಾಡಬೇಕು, ವರದಿ ಕೊಡಬೇಕು, ಮುಂಗಡ ಕಟ್ಟಬೇಕು ಅಂತ ಬರೆದರು. 1998ರಲ್ಲಿ ಬಾರ್ನ್ ಪ್ರಶ್ನೆ ರೂಪದಲ್ಲಿ ಕೇಳಿದ್ದನ್ನೇ ಹನ್ನೆರಡು ವರ್ಷ ಬಿಟ್ಟು ಉತ್ತರವಾಗಿ ಬರೆದರು.

ನಮ್ಮ ಮನೆಯ ಕಡೆಗೂ ಒಂದು ಸಲ ತಿರುಗಿ ನೋಡಿ. ನಮ್ಮಲ್ಲಿ 1952ರ ಕಾನೂನಿನಂತೆ ವಾಯಿದೆ ಪೇಟೆಗಳ ಆಯೋಗ ಅಂತ ಮುಂಬಯಿಯಲ್ಲಿ ಒಂದಿತ್ತು. ಬಾರ್ನ್ ಅವರ ಆಯೋಗದ ಹಾಗೆ ಇದೂ ಸರಕಿನ ಕಾವಲಿಗೆ ಇದ್ದದ್ದು. 2007ರಲ್ಲಿ ಒಂದು ದಿನದ ಕರಾರುಗಳಿಗೆ ಕಾನೂನಿನಿಂದ ವಿನಾಯಿತಿ ಕೊಟ್ಟರು. ಆ ವಿನಾಯಿತಿ ಹಿಡಿದುಕೊಂಡು ನ್ಯಾಷನಲ್ ಸ್ಪಾಟ್ ಎಕ್ಸ್‌ಚೇಂಜ್ ಅನ್ನೋ ಪೇಟೆ ನಡೀತು. 2013ರ ಜುಲೈ ಕೊನೆಗೆ ಅದು ನಿಂತಾಗ ನೋಡಿದರೆ ಸುಮಾರು 5,600 ಕೋಟಿ ರೂಪಾಯಿ ಬಾಕಿ, ಹಣ ಹಾಕಿದವರು ಸುಮಾರು 13,000 ಮಂದಿ. ಗೋದಾಮಿನಲ್ಲಿ ಇದೆ ಅಂತ ರಸೀದಿ ಕೊಟ್ಟಿದ್ದ ಮಾಲು ಎಷ್ಟೋ ಕಡೆ ಇರಲೇ ಇಲ್ಲ. ಕಾವಲಿನವರ ಕೈಗೆ ಕೋಲು ಬಂದದ್ದು ಕಳ್ಳತನ ಆದಮೇಲೆ. 2015ರ ಸೆಪ್ಟೆಂಬರ್ 28ರಂದು ಆ ಆಯೋಗವನ್ನೇ ಸೆಬಿಯೊಳಗೆ ಸೇರಿಸಿಬಿಟ್ಟರು. ಸರಕಿನ ಕಾವಲೂ ಷೇರಿನ ಕಾವಲೂ ಒಂದೇ ಕಚೇರಿಯಲ್ಲಿ. ಇದರ ಬಗ್ಗೆ ಇನ್ನೊಂದು ಸಲ ಬೇರೆಯಾಗೇ ಮಾತಾಡಬೇಕು.

ಸಭೆಯಲ್ಲಿ ಇಷ್ಟು ಹೇಳಿ ಕೂತಾಗ, ಹಿಂದಿನ ಸಾಲಿನಿಂದ ಹಿರಿಯರೊಬ್ಬರು ಎದ್ದು, ಅಲ್ಲಪ್ಪಾ, ಕೊನೆಗೆ ಆ ಅಮ್ಮನಿಗೆ ಆ ಕುರ್ಚಿ ವಾಪಸು ಕೊಟ್ಟರೋ ಇಲ್ಲವೋ ಅಂತ ಕೇಳಿದರು. ಅಲ್ಲಿ ಹೇಳಿದ್ದನ್ನೇ ಇಲ್ಲೂ ಬರೀತೀನಿ.

ಕೊಡಲಿಲ್ಲ. 2009ರಲ್ಲಿ ಕೆನಡಿ ಹೆಸರಿನ ಪ್ರತಿಷ್ಠಾನದವರು ಧೈರ್ಯಕ್ಕೆ ಅಂತ ಒಂದು ಪ್ರಶಸ್ತಿ ಕೊಟ್ಟರು. ಅದೇ ವರ್ಷ, 2008ರ ಕುಸಿತ ಯಾಕಾಯಿತು ಅಂತ ವಿಚಾರಣೆ ಮಾಡೋಕೆ ಸಂಸತ್ತು ನೇಮಿಸಿದ 10 ಮಂದಿಯ ಸಮಿತಿಗೆ ಅವರನ್ನೂ ಸೇರಿಸಿದರು. 2011ರ ಜನವರಿಯಲ್ಲಿ ವರದಿ ಬಂತು. ಆ ಕುಸಿತವನ್ನು ತಪ್ಪಿಸಬಹುದಿತ್ತು, 2000ದ ಕಾನೂನು ಅದರ ಹಾದಿಯಲ್ಲಿ ಒಂದು ಮುಖ್ಯ ತಿರುವು ಅಂತ 6 ಮಂದಿ ಸಹಿ ಹಾಕಿದರು, 4 ಮಂದಿ ಹಾಕಲಿಲ್ಲ. ಇನ್ನು ಆಯೋಗದ ಕುರ್ಚಿಗೆ 2009ರ ಮೇ ತಿಂಗಳಲ್ಲಿ ಬಂದು ಕೂತವರು ಗ್ಯಾರಿ ಗೆನ್ಸ್‌ಲರ್. 2000ದ ಕಾನೂನು ತಯಾರಾಗೋ ಕಾಲಕ್ಕೆ ಅವರು ಖಜಾನೆ ಇಲಾಖೆಯಲ್ಲಿದ್ದು, ಆ ಕಾನೂನಿನ ಪರವಾಗಿ ದುಡಿದವರು. 2010ರ ಹೊಸ ಕಾನೂನಿಗೆ ನಿಯಮ ಬರೆದದ್ದೂ ಅವರೇ, ಮತ್ತೆ ಬಿಗಿಯಾಗಿಯೇ ಬರೆದರು. ಹಿರಿಯರು ಇದನ್ನು ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದು, ಆಯಿತು ಬಿಡು, ಬರೆದರಲ್ಲ ಅಂತ ಹೇಳಿ ಬಸ್ಸಿಗೆ ಹೊತ್ತಾಯಿತು ಅಂತ ಎದ್ದರು.